ಒಬ್ಬರೇ ಓಡಿಸಿದ ಗಾಡಿ

ಹಳೆಯ ಸ್ಕೂಟರು, ಬೈಕು ಕೊಂಡು ಮಾರುವುದು ಕಂಡೀಷನಣ್ಣನ ಕಸುಬು. ಯಾವ ಗಾಡಿಯ ಮುಂದೆ ನಿಂತರೂ ಅದರ ಸೀಟನ್ನು ತಟ್ಟಿ "ಕಂಡೀಷನ್ ನೋಡಿ ಸ್ವಾಮಿ, ಕಂಡೀಷನ್!" ಎನ್ನುತ್ತಿದ್ದುದರಿಂದ ಬೀದಿಯ ಮಕ್ಕಳಿಂದ ಮುದುಕರವರೆಗೆ ಎಲ್ಲರ ಬಾಯಲ್ಲೂ ಅವನು ಹಾಗೇ ಆಗಿಹೋಗಿದ್ದ. ಅವನ ಬಾಯಲ್ಲಿ ಕೆಟ್ಟ ಗಾಡಿ ಎಂಬ ಮಾತು ಬಂದದ್ದನ್ನು ಕೇಳಿದವರಿಲ್ಲ. ಹಾರ್ನ್ ಸತ್ತಿದ್ದರೆ, "ಇದಕ್ಕೆ ಹಾರ್ನ್ ಯಾಕೆ? ಇಂಜಿನ್ ಸದ್ದಿಗೇ ಜನ ದಾರಿ ಬಿಡ್ತಾರೆ" ಎನ್ನುವನು. ಬ್ರೇಕ್ ಹಿಡಿಯದಿದ್ದರೆ ಅದು ಮೆತ್ತನೆಯ ಬ್ರೇಕು, ಹಿಂದೆ ಕೂತವರಿಗೆ ಜರ್ಕ್ ಹೊಡೆಯುವುದಿಲ್ಲ. ಕಪ್ಪು ಹೊಗೆ ಉಗುಳಿದರೆ ಸೊಳ್ಳೆ ಹತ್ತಿರ ಸುಳಿಯುವುದಿಲ್ಲ. ಅದೂ ಅಲ್ಲದೆ ಅವನ ಅಂಗಡಿಯ ಗಾಡಿಗಳೆಲ್ಲ ಒಬ್ಬರೇ ಓಡಿಸಿದವು. ಆ ಒಬ್ಬರು ಯಾವಾಗಲೂ ನಿವೃತ್ತ ಮೇಷ್ಟ್ರು, ಮನೆಯಿಂದ ಮಾರ್ಕೆಟ್ಟಿಗೆ ಬಿಟ್ಟರೆ ಬೇರೆಲ್ಲಿಗೂ ಹೋಗದವರು. ಅಷ್ಟು ಮೇಷ್ಟ್ರುಗಳು ನಿಜವಾಗಿ ಇದ್ದಿದ್ದರೆ ಆ ಊರಿನಲ್ಲಿ ನಾಯಿ ಬೆಕ್ಕುಗಳೂ ಮಗ್ಗಿ ಹೇಳಬೇಕಿತ್ತು.

"ನೂರು ಸುಳ್ಳು ಹೇಳಿ ಒಂದು ಮದ್ವೆ ಮಾಡು ಅಂತಾರೆ. ನಾನು ಎರಡೇ ಸುಳ್ಳಲ್ಲಿ ಒಂದು ಸ್ಕೂಟರ್ ಮಾರ್ತೀನಿ. ನನ್ನಷ್ಟು ಸತ್ಯವಂತ ಯಾರಿದ್ದಾನೆ?" ಎಂದು ಅವನೇ ಹೇಳಿಕೊಂಡು ತೊಡೆ ತಟ್ಟಿ ನಗುತ್ತಿದ್ದ.

ಹಾಗಂತ ಅವನನ್ನು ಮೋಸಗಾರ ಎನ್ನಲು ಬಾಯಿ ಬಾರದು. ಮೋಸಗಾರನಿಗೆ ನಿಜ ಯಾವುದು, ಸುಳ್ಳು ಯಾವುದು ಎಂಬುದಾದರೂ ಗೊತ್ತಿರುತ್ತದೆ. ಇವನಿಗೆ ಆ ತೊಂದರೆಯೇ ಇರಲಿಲ್ಲ. ಬಾಯಿಂದ ಮಾತು ಹೊರಬಿದ್ದ ಕೂಡಲೇ ಅದನ್ನು ಎಲ್ಲರಿಗಿಂತ ಮೊದಲು ನಂಬುವವನು ಅವನೇ. ಕೊಂಡವನು ವಾರದೊಳಗೆ ಗಾಡಿಯನ್ನು ತಳ್ಳಿಕೊಂಡು ವಾಪಸ್ಸು ಬಂದರೆ ಕಂಡೀಷನಣ್ಣನಿಗೆ ನಿಜವಾಗಿಯೂ ಆಶ್ಚರ್ಯವಾಗುತ್ತಿತ್ತು. ಬಂದವನನ್ನು ಕೂರಿಸಿ ಚಹಾ ತರಿಸುತ್ತಿದ್ದ. ಪಕ್ಕದ ಶೆಡ್ಡಿನಲ್ಲಿ ಮೆಕ್ಯಾನಿಕ್ ಆಗಿದ್ದ ಭಾವಮೈದನನ್ನು ಕೂಗುತ್ತಿದ್ದ. ಭಾವಮೈದ ಕೈಯಲ್ಲಿ ಸ್ಪ್ಯಾನರ್ ಹಿಡಿದು, ಬಾಯಲ್ಲಿ ಬೈಗುಳ ಹಿಡಿದು ಬಂದು ಪುಕ್ಕಟೆ ರಿಪೇರಿ ಮಾಡಿಕೊಡುತ್ತಿದ್ದ.

ಅಂಗಡಿಯ ಹಿಂದಿನ ಕೋಣೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರ. ಹರಿದ ಸೀಟುಗಳಿಗೆಲ್ಲ ಹೊಸ ಕವರು ಹೊಲಿಯುವುದು ಅವಳ ಪಾಲಿನ ಕೆಲಸ. ಯಾವ ಕವರಿನ ಕೆಳಗೆ ಯಾವ ಹರಕು ಎಂಬುದು ಅವಳೊಬ್ಬಳಿಗೇ ಗೊತ್ತು. ಆದರೆ ಗಿರಾಕಿ ಬಂದಾಗ ಹಿಂದಿನ ಕೋಣೆಯಿಂದ ಮಾತು ಹೊರಡಬಾರದು. ಅದು ಅಂಗಡಿಯ ಕಾನೂನು. ಮದುವೆಯಾದ ಹೊಸತರಲ್ಲಿ ಒಮ್ಮೆ, "ಅಯ್ಯೋ, ಅದರಲ್ಲಿ ಇಲಿ ಮರಿ ಹಾಕಿತ್ತಲ್ಲ, ಅದೇ ಸೀಟಲ್ವಾ?" ಎಂದು ಆಕೆ ಒಳಗಿನಿಂದ ಕೇಳಿಬಿಟ್ಟಿದ್ದಳು. ಅವತ್ತಿನಿಂದ ಈ ಕಾನೂನು ಬಂತು.

ಇಂಥವನಿಗೆ ಹರ್ನಿಯಾ ಬಂತು.

ಸ್ಕೂಟರುಗಳನ್ನು ಹಲಗೆಯ ಮೇಲೆ ಹತ್ತಿಸಿ ಇಳಿಸಿ, ಹತ್ತಿಸಿ ಇಳಿಸಿ, ಕಿಬ್ಬೊಟ್ಟೆಯ ಬಲಗಡೆ ನಿಂಬೆಹಣ್ಣಿನಷ್ಟು ಗಾತ್ರದ ಗಂಟೊಂದು ಮೂಡಿತು. ಬೇರೆ ಯಾರಾದರೂ ಆಗಿದ್ದರೆ ಹೆಂಡತಿಗೆ ಹೇಳುತ್ತಿದ್ದರು, ಇಲ್ಲವೇ ಡಾಕ್ಟರಿಗೆ ತೋರಿಸುತ್ತಿದ್ದರು. ಕಂಡೀಷನಣ್ಣ ಮಾಡಿದ್ದೇನೆಂದರೆ, ಅಂಗಡಿಯಲ್ಲಿದ್ದ ಅಷ್ಟೂ ಗಾಡಿಗಳ ಕೀಗಳನ್ನು ಒಂದೇ ಬಳೆಗೆ ಪೋಣಿಸಿ ಪ್ಯಾಂಟಿನ ಬಲಜೇಬಿಗೆ ಇಳಿಬಿಟ್ಟ. ಉಬ್ಬು ಕಂಡು ಯಾರಾದರೂ ಕಣ್ಣರಳಿಸಿದರೆ ಜೇಬು ತಟ್ಟಿ ಝಣಝಣ ಅನ್ನಿಸಿ, "ಕೀ ಗೊಂಚಲು! ವ್ಯಾಪಾರ ಜೋರು!" ಎನ್ನುತ್ತಿದ್ದ. ಹೀಗೆ ಎಷ್ಟೋ ತಿಂಗಳು ನಡೆಯಿತು. ಒಂದು ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಕೀ ಗೊಂಚಲು ಮೇಜಿನ ಮೇಲಿತ್ತು, ಉಬ್ಬು ಮಾತ್ರ ಇದ್ದಲ್ಲೇ ಇತ್ತು. ಬಡಿಸುತ್ತಿದ್ದ ಹೆಂಡತಿ ಒಮ್ಮೆ ಮೇಜು ನೋಡಿದಳು, ಒಮ್ಮೆ ಗಂಡನನ್ನು ನೋಡಿದಳು.

"ರೀ, ಅದೇನದು?"

"ಕೀ."

"ಇದೇನಿದು ಮತ್ತೆ?"

"ಅದೂ ಕೀ. ಡೂಪ್ಲಿಕೇಟ್."

ಮರುದಿನ ಬೆಳಗ್ಗೆ ಅಕ್ಕ ತಮ್ಮ ಇಬ್ಬರೂ ಸೇರಿ ಅವನನ್ನು ಒಂದೊಂದು ರಟ್ಟೆ ಹಿಡಿದು ಆಸ್ಪತ್ರೆಗೆ ಒಯ್ದರು. ಸರ್ಜನ್ ಒತ್ತಿ ನೋಡಿ, ಕೆಮ್ಮಿಸಿ ನೋಡಿ, ಆಪರೇಷನ್ ಆಗಲೇಬೇಕೆಂದರು. ಅದಕ್ಕೂ ಮೊದಲು ಅರಿವಳಿಕೆ ಕೊಡುವ ಡಾಕ್ಟರನ್ನು ನೋಡಬೇಕು. ಮುಂದಿನ ವಾರ ಬರುವಾಗ ಎಲ್ಲ ವಿವರ ಸಿದ್ಧ ಮಾಡಿಕೊಂಡು ಬನ್ನಿ ಎಂದರು: ಹಿಂದೆ ಏನೇನು ಕಾಯಿಲೆ ಬಂದಿತ್ತು, ಯಾವ ಮಾತ್ರೆ ತಗೊಳ್ತೀರಿ, ಯಾವ ಔಷಧಿ ಮೈಗೆ ಒಗ್ಗಲಿಲ್ಲ, ಉಸಿರು ಹೇಗಿದೆ, ನಿದ್ದೆ ಹೇಗಿದೆ. "ಏನನ್ನೂ ಬಿಡಬೇಡಿ. ನಿಮ್ಮ ಬಗ್ಗೆ ನಮಗೇನು ಗೊತ್ತಿರುತ್ತೆ? ನೀವು ಹೇಳಿದ್ದನ್ನೇ ನಾವು ನಂಬಬೇಕು" ಎಂದೂ ಸೇರಿಸಿದರು.

ಆ ಕೊನೆಯ ಮಾತು ಕೇಳಿ ಕಂಡೀಷನಣ್ಣನ ಮುಖ ಅರಳಿತು. ಹೇಳಿದ್ದನ್ನು ನಂಬುವ ಗಿರಾಕಿಯನ್ನು ಅವನು ಜೀವಮಾನವಿಡೀ ಹುಡುಕಿದ್ದ.

ಹೆಂಡತಿಯ ಮುಖ ಮಾತ್ರ ಅರಳಲಿಲ್ಲ. ಉಸಿರು, ನಿದ್ದೆ ಎಂಬ ಎರಡು ಮಾತು ಅವಳ ಎದೆಯಲ್ಲಿ ನಾಟಿದ್ದವು. ಕಂಡೀಷನಣ್ಣ ಗೊರಕೆ ಹೊಡೆಯುತ್ತಿದ್ದ. ಗೊರಕೆ ಹೊಡೆಯುವ ಗಂಡಸರಿಗೇನು ಬರವಿಲ್ಲ. ಆದರೆ ಇವನ ಗೊರಕೆ ಏರಿ ಏರಿ ಹೋಗಿ, ತುತ್ತತುದಿಯಲ್ಲಿ ಫಕ್ಕನೆ ನಿಂತುಬಿಡುತ್ತಿತ್ತು. ಗೊರಕೆಯಷ್ಟೇ ಅಲ್ಲ, ಉಸಿರೇ ನಿಲ್ಲುತ್ತಿತ್ತು. ಅವಳು ತಿವಿದು ಅಲುಗಾಡಿಸಿದ ಮೇಲೆ ಗಕ್ಕೆಂದು ಒಂದು ಸದ್ದು ಬಂದು ಉಸಿರು ಮತ್ತೆ ಶುರುವಾಗುತ್ತಿತ್ತು. ನಿದ್ದೆಯಲ್ಲಿಯೇ ಹೀಗಾದರೆ, ಮದ್ದು ಕೊಟ್ಟು ಮಲಗಿಸಿದಾಗ ಏನು ಗತಿ ಎಂಬುದು ಅವಳ ಭಯ. ಈ ಒಂದು ವಿಷಯ ಡಾಕ್ಟರ ಕಿವಿಗೆ ಬೀಳಲೇಬೇಕೆಂದು ಅವಳು ಪಟ್ಟು ಹಿಡಿದಳು.

"ನಾನು ಗೊರಕೆ ಹೊಡೀತೀನಾ? ಯಾರು ನೋಡಿದ್ದಾರೆ?" ಎಂದ ಕಂಡೀಷನಣ್ಣ.

"ನಾನು ನೋಡಿದ್ದೀನಿ."

"ನಾನು ನೋಡಿಲ್ಲ."

ಇಂಥ ವಾದಕ್ಕೆ ಉತ್ತರ ಎಲ್ಲಿಂದ ತರುವುದು? ತಮ್ಮನ ಸಲಹೆಯಂತೆ ಅವಳು ಫೋನಿನಲ್ಲಿ ರೆಕಾರ್ಡು ಮಾಡಿ ಅಂಗಡಿಯಲ್ಲಿ ಕೇಳಿಸಿದಳು. ಮೊದಲಿಗೆ ಗರಗಸ ಎಳೆದ ಸದ್ದು. ಕಂಡೀಷನಣ್ಣ ಕಿವಿಗೊಟ್ಟು, "ಇದು ಡೀಸೆಲ್ ಇಂಜಿನ್. ನಿನ್ ತಮ್ಮನ ಶೆಡ್ಡಿಂದ ಬಂದಿರ್ಬೇಕು" ಎಂದ. ಸದ್ದು ಏರಿತು, ಏರಿತು, ನಿಂತಿತು. ಹೆಂಡತಿ ಉಸಿರು ಬಿಗಿಹಿಡಿದು ಗಂಡನ ಮುಖ ನೋಡಿದಳು. ಭಾವಮೈದ ಕೈಯಲ್ಲಿದ್ದ ನಟ್ಟನ್ನು ಕೆಳಗಿಟ್ಟ. ಫೋನಿನಲ್ಲಿ ಏನೂ ಇಲ್ಲ. ಇನ್ನೂ ಏನೂ ಇಲ್ಲ.

"ಕೇಳಿಸ್ತಾ?" ಎಂದಳು ಅವಳು.

"ಏನು ಕೇಳ್ಸೋದು? ಒಂದು ಚೂರು ಸದ್ದಿಲ್ಲ" ಎಂದ ಕಂಡೀಷನಣ್ಣ ಗೆದ್ದವನಂತೆ. "ನೋಡಿದ್ರಾ? ಇದೇ ನಾನು. ಸೈಲೆಂಟ್ ಇಂಜಿನ್!"

ಅಕ್ಕ ಫೋನು ಎತ್ತಿಕೊಂಡು ಒಳಗೆ ಹೋದಳು. ಹೊಲಿಗೆ ಯಂತ್ರ ಅವತ್ತು ಬಹಳ ಹೊತ್ತು ಸುಮ್ಮನೆ ಕೂತಿತ್ತು. ತಮ್ಮ ಭಾವನನ್ನು ನೋಡಿ, "ಭಾವ, ನಿಮ್ಗೆ ಬುದ್ಧಿ ಹೇಳೋದೂ ಒಂದೇ, ಪಂಚರ್ ಆದ ಟ್ಯೂಬಿಗೆ ಗಾಳಿ ಹೊಡಿಯೋದೂ ಒಂದೇ" ಎಂದು ಶೆಡ್ಡಿಗೆ ಹೊರಟುಹೋದ.

ಆ ವಾರವಿಡೀ ಕಂಡೀಷನಣ್ಣ ತನ್ನ ಆರೋಗ್ಯದ ವಿವರ ಸಿದ್ಧಪಡಿಸಿದ. ಸಿದ್ಧಪಡಿಸುವುದೆಂದರೆ ಅವನಿಗೆ ಗೊತ್ತಿದ್ದುದು ಒಂದೇ ಬಗೆ: ಕೊಳ್ಳುವ ಪಾರ್ಟಿ ನೋಡಲು ಬರುವ ಮುಂಚೆ ಗಾಡಿಯನ್ನು ಸಿದ್ಧಪಡಿಸುವ ಬಗೆ. ಮೊದಲು ಬಣ್ಣ. ತಲೆಗೆ, ಮೀಸೆಗೆ, ಹುಬ್ಬಿಗೆ ಕೂಡ ಕಪ್ಪು ಬಳಿದ. ಹುಬ್ಬಿನ ಬಣ್ಣ ಸ್ವಲ್ಪ ಹೆಚ್ಚಾಗಿ ಎರಡು ದಿನ ಯಾವಾಗಲೂ ಬೆಚ್ಚಿಬಿದ್ದವನಂತೆ ಕಾಣುತ್ತಿದ್ದ. ಆಮೇಲೆ ಓಟ. ಬೆಳಗ್ಗೆ ಎದ್ದು ಬೀದಿಯ ತುದಿಯವರೆಗೆ ಬಿರುಸಾಗಿ ನಡೆದು, ಅಲ್ಲಿನ ಕಟ್ಟೆಯ ಮೇಲೆ ಕೂತು ಒಂದು ಸಿಗರೇಟು ಸೇದಿ, ಮತ್ತೆ ಬಿರುಸಾಗಿ ಬರುತ್ತಿದ್ದ. ಹೆಂಡತಿ ಅವನ ಮಾತ್ರೆಗಳನ್ನೆಲ್ಲ ಒಂದು ಬಟ್ಟೆಯ ಚೀಲಕ್ಕೆ ತುಂಬಿಟ್ಟರೆ, ಅವಳ ಬೆನ್ನ ಹಿಂದೆ ಚೀಲಕ್ಕೆ ಕೈಹಾಕಿ ಒಂದೊಂದಾಗಿ ತೆಗೆದ. ಬಿಪಿ ಮಾತ್ರೆ ಬೇಡ, ನೋಡಿದವರು ಏನಂದುಕೊಂಡಾರು. ಗ್ಯಾಸಿನ ಮಾತ್ರೆ ಇರಲಿ, ಅದು ಎಲ್ಲರ ಮನೆಯಲ್ಲೂ ಇರುತ್ತದೆ. ಹಿಂದೊಮ್ಮೆ ಮುಖವೆಲ್ಲ ಕುಂಬಳಕಾಯಿಯಂತೆ ಊದಿಕೊಳ್ಳುವಂತೆ ಮಾಡಿದ ಇಂಜೆಕ್ಷನ್ನಿನ ಚೀಟಿ ಬೇಡವೇ ಬೇಡ. ಚೀಲದಲ್ಲಿ ಕೊನೆಗೆ ಉಳಿದದ್ದು ಗ್ಯಾಸಿನ ಮಾತ್ರೆ, ಒಂದು ಬಾಚಣಿಗೆ.

ಹೆಂಡತಿಗೆ ಇದು ಗೊತ್ತಾಗದೆ ಇರಲಿಲ್ಲ. "ವೈದ್ಯರ ಹತ್ರ, ವಕೀಲರ ಹತ್ರ ಸುಳ್ಳು ಹೇಳ್ಬಾರ್ದು ಅಂತಾರೆ" ಎಂದಳು.

"ಸುಳ್ಳು ಯಾರು ಹೇಳ್ತಿದ್ದಾರೆ? ಇದು ಪ್ರೆಸೆಂಟೇಷನ್ನು. ನೋಡು ಇವಳೇ, ಚೆನ್ನಾಗಿರೋ ಗಾಡಿ ಕೈಗೆ ಬಂದ್ರೆ ಯಾವ ಮೆಕ್ಯಾನಿಕ್ಕಾದ್ರೂ ಪ್ರೀತಿಯಿಂದ ಮುಟ್ತಾನೆ. ಗುಜರಿ ಅಂತ ಗೊತ್ತಾದ್ರೆ ಸುತ್ತಿಗೆ ಎತ್ತುತಾನೆ. ಬೇಕಾದ್ರೆ ನಿನ್ ತಮ್ಮನ್ನೇ ಕೇಳು."

ತಮ್ಮ ಅಲ್ಲೇ ಇದ್ದ. ದುರದೃಷ್ಟಕ್ಕೆ ಅವನು, "ಅದೇನೋ ನಿಜ ಅಕ್ಕ" ಎಂದುಬಿಟ್ಟ. ಅಕ್ಕನ ಕಣ್ಣು ನೋಡಿ, "ಗಾಡಿ ವಿಷಯದಲ್ಲಿ ಮಾತ್ರ" ಎಂದು ಬಾಲ ಸೇರಿಸಿದ. ಆಡಿದ ಮಾತು ವಾಪಸ್ಸು ಬರುತ್ತದೆಯೇ? ಕಂಡೀಷನಣ್ಣ ಅದನ್ನು ಭದ್ರವಾಗಿ ಹಿಡಿದುಕೊಂಡ.

ಆಸ್ಪತ್ರೆಗೆ ಹೋಗುವ ಹಿಂದಿನ ದಿನ ಸಂಜೆ ಅಂಗಡಿಯಲ್ಲಿ ರಿಹರ್ಸಲ್ ಆಯಿತು. ಭಾವಮೈದನೇ ಡಾಕ್ಟರು. ಗ್ರೀಸಿನ ಕೈ ಒರೆಸಿಕೊಂಡು, ಟೈರಿಗೆ ಗಾಳಿ ಹೊಡೆಯುವ ಪೈಪನ್ನು ಕೊರಳಿಗೆ ಹಾಕಿಕೊಂಡು, ತಿರುಗಿಸಿಟ್ಟ ಬಕೆಟ್ಟಿನ ಮೇಲೆ ಕೂತ.

"ವಯಸ್ಸು?"

"ಐವತ್ತೆರಡು."

"ಭಾವ, ನನಗೇ ಐವತ್ತಮೂರು."

"ನೀನು ಹೆಚ್ಚು ಓಡಿದ್ದೀಯ. ನಾನು ಶೆಡ್ಡಲ್ಲಿ ನಿಂತಿದ್ದೇ ಜಾಸ್ತಿ."

"ಬಿಪಿ?"

"ಬಿಪಿ ಅಂದ್ರೇನು ಸಾರ್?"

"ಸಿಗರೇಟು?"

"ಹೊಗೆ ಇಲ್ಲವೇ ಇಲ್ಲ. ಬೇಕಾದ್ರೆ ಸೈಲೆನ್ಸರ್ ಹತ್ರ ಮೂಗು ಇಟ್ಟು ನೋಡಿ."

ಡಾಕ್ಟರು ಬಕೆಟ್ಟಿನ ಮೇಲಿಂದ ಉರುಳುವಷ್ಟು ನಕ್ಕ. ನಕ್ಕು ನಕ್ಕು ಕೊನೆಗೆ ಮುಖ ಗಂಭೀರ ಮಾಡಿಕೊಂಡು, "ನಿದ್ದೆಯಲ್ಲಿ ಉಸಿರು ನಿಲ್ಲುತ್ತಾ?" ಎಂದ. ಇದನ್ನು ಅವನು ಅಕ್ಕನಿಗಾಗಿ ಕೇಳಿದ್ದ. ಒಳಗೆ ಹೊಲಿಗೆ ಯಂತ್ರ ನಿಂತಿತು.

"ಒಂದೇ ಕಿಕ್ಕಿಗೆ ಸ್ಟಾರ್ಟ್, ಬೆಳಗಿನವರೆಗೂ ಒಂದೇ ಸಮ" ಎಂದ ಕಂಡೀಷನಣ್ಣ. ಆಮೇಲೆ ಹಿಂದಿನ ಕೋಣೆಯ ಕಡೆ ತಿರುಗಿ ಗಟ್ಟಿಯಾಗಿ, "ಅಂಗಡಿ ಕಾನೂನು ಆಸ್ಪತ್ರೆಗೂ ಅನ್ವಯ. ನಾಳೆ ಪಾರ್ಟಿ ಮುಂದೆ ಒಳಗಿಂದ ಸದ್ದು ಬರ್ಬಾರ್ದು" ಎಂದ.

ಒಳಗೆ ಅವಳು ಅಳುತ್ತಿದ್ದಳೋ, ಹಲ್ಲು ಕಡಿಯುತ್ತಿದ್ದಳೋ ಅವನಿಗೆ ತಿಳಿಯಲಿಲ್ಲ. ತಿಳಿದುಕೊಳ್ಳುವ ವ್ಯವಧಾನವೂ ಅವನಿಗಿರಲಿಲ್ಲ. ಇಂಥ ಗಂಡಸರನ್ನು ಕಟ್ಟಿಕೊಂಡವರ ಪಾಡು ಯಾರಿಗೂ ಬೇಡ.

ಆಸ್ಪತ್ರೆಯಲ್ಲಿ ಉದ್ದನೆಯ ಕಾರಿಡಾರು, ಗೋಡೆಗೆ ಒತ್ತಿಕೊಂಡು ಕಬ್ಬಿಣದ ಬೆಂಚುಗಳು, ಬೆಂಚಿನ ತುಂಬ ಜನ. ಪ್ರತಿಯೊಬ್ಬರ ತೊಡೆಯ ಮೇಲೂ ಒಂದೊಂದು ದಪ್ಪ ಫೈಲು. ಕಂಡೀಷನಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಮೀಸೆ ತಿರುವಿ, ಆ ಫೈಲುಗಳನ್ನೆಲ್ಲ ಅಯ್ಯೋ ಪಾಪ ಎಂಬಂತೆ ನೋಡುತ್ತ ಕೂತ. ಪಕ್ಕದಲ್ಲಿ ಹೆಂಡತಿ, ಅವಳ ಮಡಿಲಲ್ಲಿ ಆ ಹಗುರ ಚೀಲ. ನರ್ಸಮ್ಮ ಬಿಪಿ ನೋಡಲು ಕರೆದಾಗ ಪಟ್ಟಿ ಬಿಗಿಯಾಗಿ ಮುಳ್ಳು ಮೇಲಕ್ಕೆ ಏರಿತು.

"ಜಾಸ್ತಿ ಇದೆಯಲ್ಲ" ಎಂದಳು ಆಕೆ.

"ಮೆಟ್ಲು ಹತ್ತಿ ಬಂದೆ ಸಿಸ್ಟರ್."

"ಲಿಫ್ಟಲ್ಲಿ ಬಂದಿದ್ದನ್ನ ನಾನೇ ನೋಡಿದೆನಲ್ಲ?"

"ಲಿಫ್ಟ್ ತನಕ ಮೆಟ್ಲು ಇತ್ತು."

ಅಷ್ಟರಲ್ಲಿ ಒಳಗಿನಿಂದ ಕರೆ ಬಂತು. ಹೆಂಡತಿಯೂ ಎದ್ದಳು. ಕಂಡೀಷನಣ್ಣ ಅವಳ ಭುಜ ಒತ್ತಿ ಕೂರಿಸಿದ. "ನೀನು ಚೀಲ ನೋಡ್ಕೋ. ಜಾಗ ಹೋಗ್ಬಿಡುತ್ತೆ" ಎಂದು, ಅವಳು ಬಾಯಿ ತೆರೆಯುವುದರೊಳಗೆ ಒಳಗೆ ನುಗ್ಗಿ ಬಾಗಿಲು ಹಾಕಿಕೊಂಡ.

ಅರಿವಳಿಕೆಯ ಡಾಕ್ಟರಮ್ಮನಿಗೆ ನಲವತ್ತರ ಆಸುಪಾಸು. ಬೆಳಗಿನಿಂದ ರೋಗಿಗಳನ್ನು ನೋಡಿ ನೋಡಿ ಕಣ್ಣು ಬಸವಳಿದಿತ್ತು. "ಕೂತ್ಕೊಳ್ಳಿ. ಏನೇನು ತೊಂದ್ರೆ ಇದೆ, ಒಂದೊಂದಾಗಿ ಹೇಳಿ" ಎಂದರು.

ಆಮೇಲೆ ನಡೆದದ್ದು ಕಂಡೀಷನಣ್ಣನ ಬಾಳಿನ ಅತ್ಯುತ್ತಮ ವ್ಯಾಪಾರ. ಬಿಪಿ ಇಲ್ಲ, ಸಕ್ಕರೆ ಇಲ್ಲ, ಸಿಗರೇಟು ಮುಟ್ಟಿದವನಲ್ಲ. ದಿನಾ ಬೆಳಗ್ಗೆ ವಾಕಿಂಗು. ಯಾವ ಔಷಧಿಯೂ ಒಗ್ಗದೆ ಇದ್ದದ್ದಿಲ್ಲ, ಯಾಕೆಂದರೆ ಔಷಧಿಯನ್ನೇ ಕಂಡವನಲ್ಲ. ಮಾತ್ರೆ ಅಂದರೆ ಅಪರೂಪಕ್ಕೊಂದು ಗ್ಯಾಸಿನದು. ನಿದ್ದೆ ಮಗುವಿನ ಹಾಗೆ. ಗೊರಕೆ? ಆ ಶಬ್ದದ ಅರ್ಥವನ್ನೇ ಅವನು ಡಾಕ್ಟರಮ್ಮನಿಂದ ಕೇಳಿ ತಿಳಿಯಬೇಕೆಂಬಂತೆ ಹುಬ್ಬೇರಿಸಿದ. ಒಂದು ಮಾತಿಗೂ ತಡವರಿಸಲಿಲ್ಲ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಯವಾಗಿ ಮಾತಾಡಿದ. ಕೊನೆಯಲ್ಲಿ ಅಭ್ಯಾಸಬಲದಿಂದ ತನ್ನದೇ ತೊಡೆಯನ್ನು ತಟ್ಟಿ, "ಕಂಡೀಷನ್ ನೋಡಿ ಮೇಡಂ!" ಎಂದ.

ಡಾಕ್ಟರಮ್ಮ ನಕ್ಕರು. ಕುರ್ಚಿಗೆ ಒರಗಿದರು. "ಅಬ್ಬ, ಬೆಳಗ್ಗೆಯಿಂದ ಒಬ್ಬರಾದ್ರೂ ನೆಟ್ಟಗಿರೋರು ಸಿಕ್ಕಿದ್ರಲ್ಲ! ಬಿಪಿ ಏನೋ ಆಸ್ಪತ್ರೆ ಕಂಡ ಗಾಬರಿಗೆ ಏರಿರ್ಬೇಕು. ನೀವು ನಿಶ್ಚಿಂತೆಯಾಗಿರಿ. ಪೂರ್ತಿ ಮಲಗಿಸಿ ಮಾಡೋಣ. ಎಷ್ಟು ಆಳವಾದ ನಿದ್ದೆ ಅಂದ್ರೆ, ಯಾರು ಹಿಡಿದು ಅಲುಗಾಡಿಸಿದ್ರೂ ನಿಮಗೆ ಎಚ್ಚರ ಆಗಲ್ಲ."

"ಆಗ್ಲಿ ಮೇಡಂ" ಎಂದ ಕಂಡೀಷನಣ್ಣ. ಆಮೇಲೆ, "ಅಲುಗಾಡಿಸಿದ್ರೂನಾ?" ಎಂದ.

"ಅಲುಗಾಡಿಸಿದ್ರೂ ಇಲ್ಲ. ಆಪರೇಷನ್ ಆದ ಮೇಲೆ ನೋವಿಗೆ ಮದ್ದು ಕೊಡ್ತೀವಿ, ಅದರಲ್ಲೂ ಚೆನ್ನಾಗಿ ನಿದ್ದೆ ಬರುತ್ತೆ. ಬೇರೆಯವರಾಗಿದ್ರೆ ರಾತ್ರಿಯಿಡೀ ಯಾರಾದ್ರೂ ನಿಗಾ ಇಡೋ ವಾರ್ಡಿಗೆ ಹಾಕ್ತಿದ್ವಿ. ನಿಮಗೆ ಯಾಕೆ ಅದೆಲ್ಲ? ಮಾಮೂಲಿ ವಾರ್ಡಲ್ಲೇ ಮಲಗಿ. ಮನೆಯವರೂ ರಾತ್ರಿ ಇರಬೇಕಾಗಿಲ್ಲ, ಆರಾಮಾಗಿ ಮನೆಗೆ ಹೋಗ್ಲಿ."

ಕಂಡೀಷನಣ್ಣ ಅವರ ಮುಖವನ್ನೇ ನೋಡಿದ. ಆ ಮುಖ ಅವನಿಗೆ ಚೆನ್ನಾಗಿ ಗೊತ್ತು. ಹೇಳಿದ್ದನ್ನೆಲ್ಲ ನಂಬಿದ ಮುಖ ಅದು. ನೆಮ್ಮದಿಯ ಮುಖ, ಇನ್ನು ಏನನ್ನೂ ಕೇಳದ ಮುಖ. ಎಷ್ಟು ವರ್ಷದಿಂದ ಈ ಮುಖ ಕಂಡು ಅವನ ಹೊಟ್ಟೆ ತಣ್ಣಗಾಗುತ್ತಿತ್ತು! ಇವತ್ತೂ ತಣ್ಣಗಾಯಿತು, ಆದರೆ ಬೇರೆ ಥರ. ಇಷ್ಟು ದಿನ ಗಾಡಿ ಮಾರಿ ಇವನು ಅಂಗಡಿಯಲ್ಲೇ ಉಳಿಯುತ್ತಿದ್ದ, ಗಾಡಿ ಹತ್ತಿ ಹೋಗುತ್ತಿದ್ದವರು ಬೇರೆಯವರು. ಈ ಗಾಡಿ ಹತ್ತಿ ಹೋಗಬೇಕಾದವನು ಯಾರು? ಮಾಮೂಲಿ ವಾರ್ಡಿನಲ್ಲಿ ಒಬ್ಬನೇ ಮಲಗಿದ್ದಾಗ ಆ ಫೋನಿನಲ್ಲಿ ಕೇಳಿದ ಹಾಗೆ ಸದ್ದು ನಿಂತರೆ, ಅಲುಗಾಡಿಸುವವರು ಯಾರು? ಅಲುಗಾಡಿಸಿದರೂ ಏನು ಬಂತು?

ಒಂದು ಚೂರು ಸದ್ದಿಲ್ಲ ಎಂದು ತಾನೇ ಹೇಳಿದ್ದ. ಆ ಸದ್ದಿಲ್ಲದಿರುವುದು ಎಷ್ಟು ಹೊತ್ತು ನಡೆದಿತ್ತು ಎಂಬುದು ಅವನಿಗೆ ಈಗ, ಈ ಕುರ್ಚಿಯ ಮೇಲೆ, ಮೊದಲ ಬಾರಿಗೆ ಕೇಳಿಸಿತು. ಅವನಿಗೆ ಹೆದರಿಕೆಯಾಯಿತು.

"ಸರಿ, ಹೊರಡಿ. ಮುಂದಿನವರನ್ನ ಕಳಿಸಿ" ಎಂದರು ಡಾಕ್ಟರಮ್ಮ.

ಕಂಡೀಷನಣ್ಣ ಏಳಲಿಲ್ಲ. "ಮೇಡಂ, ಒಂದ್ ನಿಮಿಷ. ಸ್ವಲ್ಪ ಬಿಪಿ ಇದೆ."

"ಹ್ಞಾಂ?"

"ಸ್ವಲ್ಪ ಅಂದ್ರೆ, ಮಾತ್ರೆ ಇದೆ. ಮಾತ್ರೆ ಇದೆ ಅಂದ್ರೆ ಮನೇಲಿದೆ. ನೆನಪಾದಾಗ ತಗೋತೀನಿ. ನೆನಪಾಗೋದು ತಲೆ ಸುತ್ತಿದಾಗ."

ಡಾಕ್ಟರಮ್ಮ ಒರಗಿದ್ದವರು ನೆಟ್ಟಗೆ ಕೂತರು. "ತಲೆ ಸುತ್ತುತ್ತಾ?"

"ಆಗಾಗ. ಸಿಗರೇಟು ಸೇದಿದಾಗ."

"ಸಿಗರೇಟು ಮುಟ್ಟಲ್ಲ ಅಂದ್ರಿ!"

"ಅದು ಕಂಪನಿ ಹೇಳೋ ಮೈಲೇಜ್ ಮೇಡಂ. ರೋಡ್ ಮೇಲೆ ಬೇರೆ."

ಒಮ್ಮೆ ಮುಚ್ಚಳ ತೆಗೆದ ಮೇಲೆ ನಿಲ್ಲಿಸುವುದು ಅವನ ಕೈಯಲ್ಲೂ ಇರಲಿಲ್ಲ. ವಯಸ್ಸು ಐವತ್ತೆಂಟು ಎಂದ. ಮೀಸೆಯದು ಪೇಂಟು ಎಂದ. ಒಂದು ಸಲ ಹಲ್ಲು ಕೀಳಿಸಿದಾಗ ಕೊಟ್ಟ ಇಂಜೆಕ್ಷನ್ನಿಗೆ ತನ್ನ ಮುಖ ಊದಿ, ಸ್ವಂತ ಭಾವಮೈದನೇ ಯಾರು ಬೇಕಾಗಿತ್ತು ಎಂದು ಕೇಳಿದ ಕಥೆ ಹೇಳಿದ. ಜೇಬಿನ ಕೀ ಗೊಂಚಲು ತೆಗೆದು ಮೇಜಿನ ಮೇಲಿಟ್ಟು, ಇದು ನಿಜವಾದ ಕೀ, ಅನುಮಾನ ಬೇಡ ಎಂದ. ಪ್ರತಿ ಮಾತಿಗೂ ಡಾಕ್ಟರಮ್ಮನ ಹುಬ್ಬು ಗಂಟಾಗುತ್ತ ಹೋಯಿತು. ಗಿರಾಕಿಯ ಮುಖ ಹೀಗೆ ಬಾಡುವುದನ್ನು ಕಂಡು ಕಂಡೀಷನಣ್ಣನಿಗೆ ತಡೆಯಲಾಗಲಿಲ್ಲ. ಎರಡು ಸಲ, "ಆದ್ರೂ ಬಾಡಿ ಗಟ್ಟಿ ಮೇಡಂ" ಎಂದು ನಡುವೆ ತೂರಿಸಲು ನೋಡಿದ. ಅವರು ಪೆನ್ನು ಎತ್ತಿ ತಡೆದರು.

"ಮುಗೀತಾ? ಇನ್ನೂ ಇದೆಯಾ?"

"ಇನ್ನೊಂದಿದೆ. ಆದ್ರೆ ಅದು ನನಗೆ ಗೊತ್ತಿಲ್ಲ."

"ನಿಮಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು?"

ಕಂಡೀಷನಣ್ಣ ಎದ್ದು ಹೋಗಿ ಬಾಗಿಲು ತೆರೆದ. ಬೆಂಚಿನ ಮೇಲೆ ಹೆಂಡತಿ ಚೀಲವನ್ನು ಎದೆಗವಚಿಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಕಾರಿಡಾರಿನ ಜನರೆಲ್ಲ ತಿರುಗಿ ನೋಡುವಷ್ಟು ಗಟ್ಟಿಯಾಗಿ ಅವನು ಕೂಗಿದ: "ಇವಳೇ, ಬಾ ಒಳಗೆ! ಬಂದು ಹೇಳು!"

ಅವಳು ಬಂದಳು. ಕೂರಲಿಲ್ಲ. ಬಿಟ್ಟರೆ ಮತ್ತೆ ಸಿಗದು ಎಂಬಂತೆ ಒಂದೇ ಉಸಿರಿಗೆ ಹೇಳಿದಳು: ಗೊರಕೆ ಏರುವುದು, ನಿಲ್ಲುವುದು, ತುಟಿ ಕಪ್ಪಿಡುವುದು, ತಿವಿದ ಮೇಲೆ ಗಕ್ಕೆನ್ನುವುದು. ಡಾಕ್ಟರಮ್ಮ ಈಗ ನಗುತ್ತಿರಲಿಲ್ಲ. ಫೋನಿನಲ್ಲಿದ್ದ ರೆಕಾರ್ಡನ್ನು ಕೊನೆಯವರೆಗೆ ಕೇಳಿದರು. ಕೇಳಿ, ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು.

"ಇದನ್ನ ಹೇಳದೆ ಹೋಗಿದ್ರೆ ದೊಡ್ಡ ಅನಾಹುತ ಆಗ್ತಿತ್ತು" ಎಂದರು. "ಆಪರೇಷನ್ ಆಗುತ್ತೆ, ಹೆದರ್ಬೇಡಿ. ಮೊದಲು ನಿದ್ದೆಯ ಪರೀಕ್ಷೆ ಮಾಡೋಣ. ಪೂರ್ತಿ ಮಲಗಿಸೋದು ಬೇಡ, ಸೊಂಟದಿಂದ ಕೆಳಗೆ ಮಾತ್ರ ಮರಗಟ್ಟಿಸಿ ಮಾಡಬಹುದಾ ನೋಡ್ತೀವಿ. ನಿದ್ದೆಯಲ್ಲಿ ಉಸಿರು ನಿಲ್ಲದ ಹಾಗೆ ಗಾಳಿ ಒತ್ತೋ ಒಂದು ಮಷೀನು ಬರುತ್ತೆ, ಮೂಗಿಗೆ ಹಾಕ್ಕೊಂಡು ಮಲಗಬೇಕು. ಅಮ್ಮ, ರಾತ್ರಿ ಎಷ್ಟು ಸಲ ಎಬ್ಬಿಸ್ತೀರಿ?"

"ಲೆಕ್ಕ ಇಟ್ಟಿಲ್ಲ ಮೇಡಂ. ಬೆನ್ನ ಮೇಲೆ ಕೈ ಇಟ್ಕೊಂಡಿರ್ತೀನಿ. ಬೆನ್ನು ಏಳೋದು ನಿಂತ್ರೆ ಕೈಗೆ ಗೊತ್ತಾಗುತ್ತೆ."

"ಮತ್ತೆ ನೀವು ಮಲಗೋದು ಯಾವಾಗ?"

ಅವಳು ಚೀಲದ ಹಿಡಿಯನ್ನು ಮಡಿಸಿದಳು, ಬಿಡಿಸಿದಳು. ಕಂಡೀಷನಣ್ಣ ಅವಳ ಕೈಯನ್ನು ನೋಡಿದ. ತನ್ನ ಬೆನ್ನ ಮೇಲೆ ಅಂಥದೊಂದು ಕೈ ಇತ್ತೆಂಬುದು ಅವನಿಗೆ ಗೊತ್ತೇ ಇರಲಿಲ್ಲ. ಏನಾದರೂ ಹೇಳಿ ಈ ಗಳಿಗೆಯನ್ನು ಹಗುರ ಮಾಡಬೇಕೆನಿಸಿತು. ಮಾತು ಹುಡುಕಿದ, ಒಂದು ಸಿಕ್ಕಿತು.

"ನಾನು ಗಾಡಿ ತರೋಕೆ ಪರ ಊರಿಗೆ ಹೋಗ್ತಿರ್ತೀನಲ್ಲ, ಆಗಾದ್ರೂ ನೆಮ್ಮದಿಯಾಗಿ ನಿದ್ದೆ ಮಾಡ್ತೀಯಲ್ಲ?"

"ಆಗ ಎಲ್ಲಿಂದ ಬರುತ್ತೆ ನಿದ್ದೆ?" ಎಂದಳು ಅವಳು, ಇಷ್ಟೂ ಗೊತ್ತಾಗುವುದಿಲ್ಲವೇ ಎಂಬಂತೆ. "ಅಲ್ಲಿ ನಿಮ್ಮನ್ನ ತಿವಿಯೋರು ಯಾರೂ ಇಲ್ವಲ್ಲ ಅಂತ ಕೂತೇ ಇರ್ತೀನಿ."

ಕಂಡೀಷನಣ್ಣನಿಗೆ ಅಳು ಬರುತ್ತಿತ್ತು, ಪರಸ್ಥಳದಲ್ಲಿ ಅಳಬಾರದೆಂದು ಮೂಗು ಎಳೆದುಕೊಂಡ. ಹೊರಗೆ ನರ್ಸಮ್ಮ ಮುಂದಿನವರ ಹೆಸರು ಕೂಗಿದಳು. ಡಾಕ್ಟರಮ್ಮ ಪರೀಕ್ಷೆಯ ದಿನ ಬರೆದುಕೊಡಲು ತಲೆ ತಗ್ಗಿಸಿದರು.

"ಮೇಡಂ" ಎಂದ ಅವನು, "ಆ ಮಷೀನು ಇವತ್ತೇ ಕೊಡಕ್ಕಾಗುತ್ತಾ? ಇವಳು ಮಲಗ್ಬೇಕು."